ಮಂಗೋಲಿಯಾ ಸಿನಿಮಾ: ಎಲ್ಲಿಂದ ಶುರು ಮಾಡಬೇಕು?

ಮಂಗೋಲಿಯಾ ಸಿನಿಮಾ ಅಂದ ಕೂಡಲೇ ನನ್ನ ಗೆಳೆಯರು ಚೆಂಗಿಸ್ ಖಾನ್ ಇದ್ದಾನಾ ಅಂತ ಕೇಳುತ್ತಾರೆ. ನೀವು ಅಲ್ಲಿಂದ ಶುರು ಮಾಡಬೇಡಿ. ಕತ್ತಿ, ಕುದುರೆ ಎಲ್ಲಾದರೂ ಸಿಗುತ್ತವೆ. ನನ್ನ ಪ್ರಕಾರ ಈ ಸಿನಿಮಾಗಳ ಜೀವ ಇರುವುದು ಮನೆಯೊಳಗೆ.

ಮೊದಲು 2003ರ ‘ದಿ ಸ್ಟೋರಿ ಆಫ್ ದಿ ವೀಪಿಂಗ್ ಕ್ಯಾಮೆಲ್’ ನೋಡಿ. ಗೋಬಿ ಮರುಭೂಮಿಯ ಒಂದು ಕುಟುಂಬ. ಹೆರಿಗೆಯಲ್ಲಿ ನರಳಿದ ಒಂಟೆ ತನ್ನ ಬಿಳಿ ಮರಿಗೆ ಹಾಲು ಕೊಡುವುದಿಲ್ಲ. ಅದರ ಮನಸ್ಸು ಕರಗಿಸಲು ಮೊರಿನ್ ಖೂರ್ ಎಂಬ ಎರಡು ತಂತಿಯ ವಾದ್ಯ ನುಡಿಸುವವನನ್ನು ಕರೆಸುತ್ತಾರೆ. ಅಷ್ಟೇ ಕಥೆ. ನಿಧಾನ ಅನಿಸಿದರೂ ಓಡಿಸಬೇಡಿ.

ನೋಡುವಾಗ ಗೆರ್ ಮೇಲೆ ಕಣ್ಣಿಡಿ. ಅದು ಅವರ ದುಂಡನೆಯ ಡೇರೆಮನೆ. ಬಾಗಿಲು ದಕ್ಷಿಣಕ್ಕೆ, ಒಲೆ ನಡುವೆ. ಒಳಗೆ ಬಂದರೆ ಎಡಕ್ಕೆ ಗಂಡಸರ ಕಡೆ, ಬಲಕ್ಕೆ ಹೆಂಗಸರ ಕಡೆ, ಪಾತ್ರೆಪಗಡೆ. ಬಾಗಿಲಿಗೆ ಎದುರಾಗಿ, ಒಲೆಯ ಆಚೆ, ಹಿರಿಯರ ಮತ್ತು ಅತಿಥಿಗಳ ಜಾಗ. ಇಷ್ಟು ಗೊತ್ತಿದ್ದರೆ ಸಾಕು. ಯಾರು ಎಲ್ಲಿ ಕೂತರು ಅನ್ನುವುದರಲ್ಲೇ ಅರ್ಧ ಸಂಬಂಧ ತಿಳಿಯುತ್ತದೆ. ಸಬ್‌ಟೈಟಲ್ ಇದನ್ನು ಹೇಳುವುದಿಲ್ಲ, ಅಲ್ವಾ?

ಆಮೇಲೆ 2023ರ ‘ಇಫ್ ಓನ್ಲಿ ಐ ಕುಡ್ ಹೈಬರ್ನೇಟ್’. ಗೆರ್ ಅದೇ, ಆದರೆ ರಾಜಧಾನಿ ಉಲಾನ್‌ಬಾತರ್ ಅಂಚಿನಲ್ಲಿ. ಅಮ್ಮ ಹಳ್ಳಿಗೆ ಹೊರಟಿದ್ದಾಳೆ. ಭೌತಶಾಸ್ತ್ರದಲ್ಲಿ ಚುರುಕಾದ ಹುಡುಗ ಉಲ್ಜಿ ತಮ್ಮ-ತಂಗಿಯರನ್ನು ಚಳಿಯಿಂದ ಕಾಯಬೇಕು. ಇಲ್ಲಿ ಒಲೆಯನ್ನೇ ನೋಡುತ್ತಿರಿ. ಕಲ್ಲಿದ್ದಲು ಇದೆಯೋ ಇಲ್ಲವೋ ಅನ್ನುವುದರ ಮೇಲೆ ಇಡೀ ಮನೆ ನಿಂತಿದೆ. ನಿರ್ದೇಶಕಿ ಜೊಲ್ಜರ್ಗಲ್ ಪುರೆವ್‌ದಾಶ್ ಬಡತನವನ್ನು ಅಳುಬುರುಕು ಮಾಡಿಲ್ಲ. ಅದಕ್ಕೇ ನನಗೆ ಇಷ್ಟ.

ಪ್ರೀತಿ ಬೇಕಾದರೆ ಅದೇ ವರ್ಷದ ‘ಸಿಟಿ ಆಫ್ ವಿಂಡ್’. ಹದಿನೇಳರ ಹುಡುಗ ಶಾಲೆಗೂ ಹೋಗುತ್ತಾನೆ, ಶಾಮನ್ ಆಗಿ ಮೈಮೇಲೆ ಹಿರಿಯರ ಆತ್ಮವನ್ನೂ ಬರಿಸಿಕೊಳ್ಳುತ್ತಾನೆ. ಅವನಿಗೊಬ್ಬಳು ಹುಡುಗಿ ಇಷ್ಟವಾದರೆ ಏನಾಗಬಹುದು? ನೋಡಿ.

ಇತಿಹಾಸ ಕೊನೆಗಿರಲಿ. 1988ರ ‘ಮಂದುಖಾಯ್’, 15ನೇ ಶತಮಾನದ ರಾಣಿಯ ಕಥೆ. ಗಂಡ ಸತ್ತ ಮೇಲೆ ಪ್ರಬಲ ಸರದಾರನೊಬ್ಬ ಮದುವೆಗೆ ಕೇಳುತ್ತಾನೆ. ಅವಳು ಒಪ್ಪದೆ, ಚೆಂಗಿಸ್ ವಂಶದ ಪುಟ್ಟ ಹುಡುಗನನ್ನು ಪಟ್ಟಕ್ಕೆ ಕೂರಿಸುತ್ತಾಳೆ. ಸಮಾಜವಾದಿ ಸರ್ಕಾರ ಚೆಂಗಿಸ್ ಹೆಸರನ್ನು ಎತ್ತಿ ಹಿಡಿಯಲು ಹಿಂಜರಿಯುತ್ತಿದ್ದ ದಶಕಗಳು ಮುಗಿಯುತ್ತಿದ್ದ ಹೊತ್ತಿನ ಚಿತ್ರ ಇದು. 1990ರಲ್ಲಿ ಪ್ರಜಾಪ್ರಭುತ್ವ ಬಂತು. ಚಿತ್ರ ತುಂಬಾ ಉದ್ದ ಇದೆ, ಎರಡು ಸಲ ಕೂತು ನೋಡಿದರೂ ಪರವಾಗಿಲ್ಲ.