ಅಕ್ಷರ ಎರಡಾದರೆ ಮೊದಲು ಸ್ಕೇಲ್ ಹಿಡಿಯಿರಿ

ಕಣ್ಣಿನ ಚಾರ್ಟ್‌ನ ಕೊನೆಯ ಸಾಲಿನವರೆಗೂ ಓದುತ್ತಾರೆ, 6/6 ಎಂದು ಚೀಟಿಯೂ ಸಿಗುತ್ತದೆ. ಆದರೂ ಪುಸ್ತಕ ಹಿಡಿದ ಇಪ್ಪತ್ತು ನಿಮಿಷಕ್ಕೆ ಹುಬ್ಬಿನ ಮೇಲೆ ನೋವು, ಸಾಲು ತಪ್ಪುವುದು, ಅಕ್ಷರಗಳು ಒಂದರ ಮೇಲೊಂದು ಏರುವುದು, ತೂಕಡಿಕೆ. ಪರೀಕ್ಷೆ ಹತ್ತಿರವಿದ್ದರೆ ಮನೆಯಲ್ಲಿ ಇದಕ್ಕೆ ಎರಡೇ ಹೆಸರು: ಟೆನ್ಷನ್, ಇಲ್ಲವೇ ಓದದಿರಲು ನೆಪ. ಆದರೆ ಆ ಚಾರ್ಟ್ ಅಳೆಯುವುದು ದೂರದ ನೋಟವನ್ನು, ಅದೂ ಒಂದೊಂದೇ ಕಣ್ಣಿನದನ್ನು. ಹತ್ತಿರದ ಅಕ್ಷರದ ಮೇಲೆ ಎರಡೂ ಕಣ್ಣು ಕೂಡಿ ನಿಲ್ಲುತ್ತವೆಯೇ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಚೆನ್ನೈನ ಶಂಕರ ನೇತ್ರಾಲಯದ ತಂಡ ತಮಿಳುನಾಡಿನ 7ರಿಂದ 17 ವರ್ಷದ ಶಾಲಾಮಕ್ಕಳಲ್ಲಿ ಇದನ್ನೇ ಪರೀಕ್ಷಿಸಿದಾಗ ನೂರಕ್ಕೆ ಸುಮಾರು 30 ಮಂದಿಯಲ್ಲಿ ಒಂದಲ್ಲ ಒಂದು ತೊಂದರೆ ಕಂಡಿತ್ತು.

ಮನಸ್ಸಿನ ನಂಟು ಎಲ್ಲಿ?

40 ಸೆಂ.ಮೀ. ದೂರದ ಪುಟ ಓದುವಾಗ ಮೂರು ಕೆಲಸ ಒಟ್ಟಿಗೆ ನಡೆಯುತ್ತವೆ. ಕಣ್ಣೊಳಗಿನ ಸಿಲಿಯರಿ ಸ್ನಾಯು ಬಿಗಿದು ಮಸೂರ ಉಬ್ಬುತ್ತದೆ, ಎರಡೂ ಗುಡ್ಡೆಗಳು ಮೂಗಿನತ್ತ ತಿರುಗುತ್ತವೆ, ಪಾಪೆ ಕಿರಿದಾಗುತ್ತದೆ. ಮಸೂರ, ಪಾಪೆಗಳಿಗೆ ಈ ಆಜ್ಞೆ ಬರುವುದು ದೇಹ ಶಾಂತವಾಗಿರುವಾಗ ಮೇಲುಗೈ ಪಡೆಯುವ ಪ್ಯಾರಾಸಿಂಪಥೆಟಿಕ್ ನರಗಳಿಂದ. ಆತಂಕದಲ್ಲಿ ಸಿಂಪಥೆಟಿಕ್ ನರಗಳು ಜೋರು ಮಾಡುತ್ತವೆ: ಪಾಪೆ ಹಿಗ್ಗುತ್ತದೆ, ಫೋಕಸ್ ತುಸು ಸಡಿಲಾಗುತ್ತದೆ. ಪಾಪೆ ದೊಡ್ಡದಾದಷ್ಟೂ ಫೋಕಸ್‌ನ ಸಣ್ಣ ತಪ್ಪೂ ಮಂಜಾಗಿ ಕಾಣುತ್ತದೆ. ಮೊದಲೇ ಪ್ರಯಾಸಪಟ್ಟು ಜೋಡಿಯಾಗಿದ್ದ ಕಣ್ಣುಗಳು ನಿದ್ದೆಗೆಟ್ಟಾಗ, ಜ್ವರ ಬಂದಾಗ, ಮನಸ್ಸು ಕುದಿಯುವಾಗ ಹಿಡಿತ ಬಿಡುವುದು ಹೀಗೆ. ಕೆಲವರಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ: ಸ್ನಾಯು ಬಿಗಿದದ್ದು ಬಿಡುವುದೇ ಇಲ್ಲ. ಇವೆರಡಕ್ಕೂ ಮದ್ದು ಬೇರೆ ಬೇರೆಯಾದ್ದರಿಂದ ಅಳತೆ ಮೊದಲು, ವ್ಯಾಯಾಮ ಆಮೇಲೆ.

ಅಳೆಯುವುದು ಹೇಗೆ

ಬೇಕಾದದ್ದು ಒಂದು ಬಾಲ್‌ಪೆನ್, 30 ಸೆಂ.ಮೀ. ಸ್ಕೇಲ್, ಜೊತೆಗೊಬ್ಬರು. ಕನ್ನಡಕ ಇದ್ದರೆ ಹಾಕಿಕೊಂಡೇ ಇರಿ.

ಸ್ಕೇಲಿನ ಸೊನ್ನೆಯ ತುದಿಯನ್ನು ಹುಬ್ಬುಗಳ ನಡುವೆ ಇಟ್ಟು ಹಿಡಿಯಿರಿ. ಪೆನ್ನಿಗೆ ಪತ್ರಿಕೆಯಿಂದ ಕತ್ತರಿಸಿದ ಒಂದು ಸಣ್ಣ ಅಕ್ಷರ ಅಂಟಿಸಿ, ಸ್ಕೇಲಿನ ಆಚೆ ತುದಿಯಿಂದ ಕಣ್ಣಿನತ್ತ ನಿಧಾನವಾಗಿ, ಸೆಕೆಂಡಿಗೆ ಒಂದೆರಡು ಸೆಂ.ಮೀ.ನಂತೆ, ಕಣ್ಣಿನ ಮಟ್ಟಕ್ಕಿಂತ ಚೂರು ಕೆಳಗೆ ತನ್ನಿ. ಅಕ್ಷರ ಎರಡಾದ ಕೂಡಲೇ ‘ಎರಡು’ ಎನ್ನಬೇಕು. ಮಂಜಾಗುವುದನ್ನೇ ಎರಡು ಎಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಮಂಜಾದರೂ ಒಂದೇ ಕಾಣುತ್ತಿದ್ದರೆ ಮುಂದುವರಿಸಿ. ಜೊತೆಗಿರುವವರು ಕಣ್ಣುಗಳನ್ನೇ ನೋಡುತ್ತಿರಲಿ. ಒಂದು ಗುಡ್ಡೆ ಹೊರಕ್ಕೆ ಜಾರಿದರೂ ‘ಒಂದೇ ಕಾಣುತ್ತಿದೆ’ ಎನ್ನುವವರಿದ್ದಾರೆ. ಅವರ ಮಿದುಳು ಆ ಕಣ್ಣಿನ ಚಿತ್ರವನ್ನೇ ಕೈಬಿಟ್ಟಿರುತ್ತದೆ. ಜಾರಿದ ದೂರವನ್ನೇ ಬರೆದುಕೊಳ್ಳಿ. ಹೀಗೆ ಐದು ಸಲ. 5–6 ಸೆಂ.ಮೀ. ಬಂದರೆ ಸರಿ. 10 ದಾಟಿದರೆ, ಅಥವಾ ಸಲಸಲಕ್ಕೂ ದೂರ ಹೆಚ್ಚುತ್ತ ಹೋದರೆ, ಕಣ್ಣುಗಳು ಒಳಮುಖವಾಗಿ ಕೂಡುವ ಶಕ್ತಿ ಸಾಲದು.

ಎರಡನೆಯದು ಫೋಕಸ್. ಒಂದು ಕಣ್ಣನ್ನು ಒತ್ತದೆ ಅಂಗೈಯಿಂದ ಮುಚ್ಚಿ, ಸಣ್ಣ ಅಕ್ಷರದ ಜಾಹೀರಾತನ್ನು ಹತ್ತಿರ ತರುತ್ತ ಯಾವ ದೂರದಲ್ಲಿ ಮಸುಕಾಗುತ್ತದೆ ನೋಡಿ. ವಯಸ್ಸಿನ ಕಾಲು ಭಾಗವನ್ನು 15ರಿಂದ ಕಳೆದು, ಬಂದ ಸಂಖ್ಯೆಯಿಂದ 100ನ್ನು ಭಾಗಿಸಿ; ಕನಿಷ್ಠ ಅಷ್ಟು ಹತ್ತಿರದವರೆಗಾದರೂ ಅಕ್ಷರ ತಿಳಿಯಾಗಿ ಕಾಣಬೇಕು. 16ಕ್ಕೆ ಸುಮಾರು 9 ಸೆಂ.ಮೀ., 20ಕ್ಕೆ 10, 30ಕ್ಕೆ 13, 40ಕ್ಕೆ 20. ಹದಿನಾರರ ಹುಡುಗಿಗೆ 18 ಸೆಂ.ಮೀ.ನಲ್ಲೇ ಮಸುಕಾದರೆ ಅದು ನೆಪವಲ್ಲ. ನಲವತ್ತು ದಾಟಿದವರಿಗೆ ಬರುವುದು ಚಾಳೀಸು, ಅದರ ಮಾತು ಬೇರೆ.

ಕೊನೆಯದಾಗಿ, ಇಪ್ಪತ್ತು ನಿಮಿಷ ಓದಿ ತಲೆಯೆತ್ತಿ ದೂರದ ಕ್ಯಾಲೆಂಡರ್ ನೋಡಿ. ತಕ್ಷಣ ತಿಳಿಯಾಗಬೇಕು. ಗಂಟೆಗಟ್ಟಲೆ ಮಂಜಾಗಿಯೇ ಉಳಿದರೆ, ಕನ್ನಡಕದಂಗಡಿಯಲ್ಲಿ ಒಂದೊಂದು ದಿನ ಒಂದೊಂದು ಮೈನಸ್ ಪವರ್ ಬಂದರೆ, ಸ್ನಾಯು ಬಿಗಿದು ನಿಂತಿರುವ ಅನುಮಾನ ಪಡಿ.

ಇಲ್ಲಿ ನಡೆಯುವ ದೊಡ್ಡ ಎಡವಟ್ಟು ಮೈನಸ್ ಕನ್ನಡಕ. ಬಿಗಿದ ಕಣ್ಣು ಸಮೀಪದೃಷ್ಟಿಯಂತೆ ನಟಿಸುತ್ತದೆ. ಯಂತ್ರ ಅದನ್ನೇ ನಂಬಿ ಪವರ್ ಕೊಡುತ್ತದೆ. ಆ ಗಾಜಿನ ಹಿಂದೆ ಸ್ನಾಯು ಇನ್ನಷ್ಟು ದುಡಿಯಬೇಕಾಗುತ್ತದೆ. ಆದ್ದರಿಂದ ‘ಸೈಕ್ಲೋಪೆಂಟೋಲೇಟ್ ಹನಿ ಹಾಕಿ ಪವರ್ ನೋಡುತ್ತೀರಾ?’ ಎಂದು ಕಣ್ಣಿನ ಡಾಕ್ಟರನ್ನೇ ಕೇಳಿ. ಫೋಕಸ್ ಸ್ನಾಯುವನ್ನು ತಾತ್ಕಾಲಿಕವಾಗಿ ಸಡಿಲಿಸುವ ಹನಿ ಅದು. ಹನಿ ಬಿದ್ದ ಮೇಲೆ ಮೈನಸ್ ಕರಗಿದರೆ ಉತ್ತರ ಸಿಕ್ಕಂತೆ. ಒಂದು ದಿನದವರೆಗೂ ಹತ್ತಿರದ್ದು ಮಸುಕಾಗಿರಬಹುದು, ಬಿಸಿಲು ಚುಚ್ಚುತ್ತದೆ. ಪರೀಕ್ಷೆಯ ಹಿಂದಿನ ದಿನ ಬೇಡ, ಬೈಕ್ ಓಡಿಸಿಕೊಂಡು ವಾಪಸಾಗುವುದೂ ಬೇಡ. ಹೀಗೆ ಸ್ನಾಯು ಬಿಗಿದು ನಿಂತವರು ಕೆಳಗಿನ ದಾರದ ವ್ಯಾಯಾಮವನ್ನು ತಾವಾಗಿ ಮಾಡಲೇಬಾರದು.

ಇದ್ದಕ್ಕಿದ್ದಂತೆ ಎರಡೆರಡು ಕಾಣತೊಡಗಿದರೆ, ರೆಪ್ಪೆ ಜೋತುಬಿದ್ದರೆ, ಒಂದು ಪಾಪೆ ಮಾತ್ರ ದೊಡ್ಡದಾದರೆ ಅಳತೆಗಿಳತೆ ಬಿಟ್ಟು ಅಂದೇ ಆಸ್ಪತ್ರೆಗೆ ಓಡಿ.

ದಾರ ಮತ್ತು ಮೂರು ಮಣಿ

ಕೂಡುವ ಶಕ್ತಿ ಕಡಿಮೆ ಎಂದು ಡಾಕ್ಟರು ಖಚಿತಪಡಿಸಿದವರಿಗೆ ಇದು. 3 ಮೀಟರ್ ಬಿಳಿ ಹತ್ತಿ ದಾರಕ್ಕೆ ಮೂರು ಬಣ್ಣದ ಮಣಿ ಪೋಣಿಸಿ; ಮಣಿ ತಾನಾಗಿ ಜಾರದಷ್ಟು ಬಿಗಿಯಾಗಿರಲಿ. ಒಂದು ತುದಿ ಕಿಟಕಿ ಸರಳಿಗೆ, ಇನ್ನೊಂದು ನಿಮ್ಮ ಮೂಗಿನ ತುದಿಗೆ. ಮಣಿಗಳು 40 ಸೆಂ.ಮೀ., 1 ಮೀಟರ್, 2.5 ಮೀಟರ್ ದೂರದಲ್ಲಿರಲಿ.

ಹತ್ತಿರದ ಮಣಿ ನೋಡಿದಾಗ ಅದು ಒಂದೇ ಕಾಣಬೇಕು, ಉಳಿದೆರಡು ಜೋಡಿಯಾಗಬೇಕು, ದಾರವೂ ಎರಡಾಗಿ ಸರಿಯಾಗಿ ಮಣಿಯಲ್ಲೇ ಕತ್ತರಿಯಾಕಾರದಲ್ಲಿ ಹಾಯಬೇಕು. ದಾರಗಳು ಮಣಿಯ ಆಚೆ ಕೂಡಿದರೆ ಕಣ್ಣುಗಳು ಸಾಕಷ್ಟು ಒಳಗೆ ತಿರುಗಿಲ್ಲ. ಈಚೆಯೇ ಕೂಡಿದರೆ ಅತಿಯಾಗಿ ತಿರುಗಿವೆ. ಒಂದು ದಾರ ಮಾಯವಾದರೆ ಒಂದು ಕಣ್ಣು ಸುಮ್ಮನಾಗಿದೆ. ಕಣ್ಣು ಮಿಟುಕಿಸಿ, ದಾರ ಅಲುಗಾಡಿಸಿ, ಅದು ಮರಳಿದರೆ ಮುಂದುವರಿಸಿ. ಪ್ರತಿ ಮಣಿಯ ಮೇಲೆ ಐದು ಸೆಕೆಂಡು ನಿಂತು ಮುಂದಿನದಕ್ಕೆ ನೋಟ ಹಾರಿಸಿ. ದಿನಕ್ಕೆ ಎರಡು ಸಲ, ಐದೈದು ನಿಮಿಷ. ಸಲೀಸಾದಂತೆ ಮೊದಲ ಮಣಿಯನ್ನು ಎರಡೆರಡು ಸೆಂ.ಮೀ. ಹತ್ತಿರಕ್ಕೆ ಸರಿಸಿ.

ಮನೆಯ ವ್ಯಾಯಾಮದಿಂದ ಪವಾಡ ನಿರೀಕ್ಷಿಸಬೇಡಿ. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 221 ಮಕ್ಕಳಿಗೆ 12 ವಾರ ಚಿಕಿತ್ಸೆ ನಡೆಯಿತು. ಕ್ಲಿನಿಕ್‌ನಲ್ಲಿ ತಜ್ಞರ ಎದುರು ಅಭ್ಯಾಸ ಮಾಡಿದವರಲ್ಲಿ ಶೇ 73ರಷ್ಟು ಮಂದಿ ಸುಧಾರಿಸಿದರು. ಮನೆಯಲ್ಲಿ ಪೆನ್ಸಿಲನ್ನು ಮೂಗಿನತ್ತ ತರುತ್ತ ನೋಡುವ ವ್ಯಾಯಾಮವನ್ನಷ್ಟೇ ಮಾಡಿದವರ ಫಲಿತಾಂಶ ಹುಸಿ ಚಿಕಿತ್ಸೆಗಿಂತ ಮೇಲಾಗಿರಲಿಲ್ಲ. ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ಎರಡೂ ಕಣ್ಣು ಕೂಡಿ ನೋಡುವ ಅಭ್ಯಾಸ ಮಾಡಿಸುವ ಆರ್ಥಾಪ್ಟಿಕ್ ವಿಭಾಗ ಎಲ್ಲಿದೆ ಎಂದು ವಿಚಾರಿಸಿ. ಈ ವ್ಯಾಯಾಮದಿಂದ ಮಾರ್ಕ್ಸ್ ಏರುತ್ತದೆ ಎನ್ನುವವರನ್ನು ಮಾತ್ರ ನಂಬಬೇಡಿ.

ಟೆನ್ಷನ್ ನಿಜವೇ ಆಗಿದ್ದರೆ

ಪುಸ್ತಕ 40 ಸೆಂ.ಮೀ. ದೂರದಲ್ಲಿರಲಿ, ಇಪ್ಪತ್ತು ನಿಮಿಷಕ್ಕೊಮ್ಮೆ ಆರು ಮೀಟರ್ ಆಚೆಗೆ 20 ಸೆಕೆಂಡು ನೋಡಿ. ಇದು ಕಣ್ಣಿಗೆ ಬಿಡುವು ಕೊಡುತ್ತದೆ, ಆತಂಕಕ್ಕೆ ಔಷಧವಲ್ಲ. ನಿದ್ದೆ ಬಾರದಿದ್ದರೆ, ಎದೆ ಡವಡವ ಎನ್ನುತ್ತಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಈಗಾಗಲೇ ಮಾತ್ರೆ ನುಂಗುತ್ತಿದ್ದರೆ ಅದರ ಹೆಸರನ್ನು ಕಣ್ಣಿನ ಡಾಕ್ಟರಿಗೆ ತೋರಿಸಿ. ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್‌ನಂಥವು, ಅಲರ್ಜಿಯ ಕೆಲವು ಮಾತ್ರೆಗಳು ಕೂಡ ಹತ್ತಿರದ ಫೋಕಸ್ ಕುಂದಿಸುತ್ತವೆ. ಹಾಗೆಂದು ಬರೆದುಕೊಟ್ಟವರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಪ್ರಮಾಣವನ್ನೋ ಹೊತ್ತನ್ನೋ ಬದಲಿಸಲು ಅವರಿಗೆ ದಾರಿಯಿರುತ್ತದೆ.