ಐದು ಆಕ್ಸೈಡ್, ಒಂದೇ ಹರಳು: ನನ್ನ ಅನುಭವ

ಮ್ಯಾಗ್ನೀಷಿಯಂ, ಕೋಬಾಲ್ಟ್, ನಿಕಲ್, ತಾಮ್ರ, ಸತು. ಈ ಐದರ ಆಕ್ಸೈಡುಗಳನ್ನು ಸಮಪಾಲಾಗಿ ಬೆರೆಸಿ ಕಾಯಿಸಿದರೆ ಐದೂ ಒಂದೇ ರಾಕ್‌ಸಾಲ್ಟ್ (ಅಡುಗೆ ಉಪ್ಪಿನಂಥ ರಚನೆಯ) ಹರಳಿನಲ್ಲಿ ಕೂರುತ್ತವೆ ಎಂದು 2015ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯ ತಂಡ ತೋರಿಸಿತ್ತು. ನಮ್ಮ ಕಾಲೇಜಿನ ಹಳೇ ಮಫಲ್ ಫರ್ನೇಸಿನಲ್ಲೇ (ಕರೆಂಟಿನ ಕುಲುಮೆ) ಮಾಡ್ತೀನಿ ಅಂದಾಗ ಹಿರಿಯ ಸಹೋದ್ಯೋಗಿಯೊಬ್ಬರು, "ಮೇಡಂ, ಸುಮ್ನೆ ದುಡ್ಡು ಹಾಳು. ಇದು ಇಲ್ಲಿ ಬರಲ್ಲ" ಅಂದಿದ್ದರು. ಬಂತು. ಏಳನೇ ಸಲಕ್ಕೆ.

ಮೊದಲ ಮೂರು ಸಲ 1000 ಡಿಗ್ರಿಯಲ್ಲಿ 12 ಗಂಟೆ ಇಟ್ಟು, ಸ್ವಿಚ್ ಆರಿಸಿ ಮನೆಗೆ ಹೋದೆ. ಬೆಳಿಗ್ಗೆಗೆ ನಿಧಾನವಾಗಿ ತಣ್ಣಗಾಗಿರುತ್ತಿತ್ತು. ಎಕ್ಸ್‌ಆರ್‌ಡಿಯಲ್ಲಿ (ಹರಳಿನ ರಚನೆ ತಿಳಿಸುವ ಎಕ್ಸ್-ಕಿರಣ ಪರೀಕ್ಷೆ) ಪ್ರತಿ ಸಲವೂ 35.5 ಮತ್ತು 38.7 ಡಿಗ್ರಿ ಕೋನಗಳಲ್ಲಿ ಕಾಪರ್ ಆಕ್ಸೈಡ್ ಪೀಕ್. ಅಂದರೆ ನಿಧಾನವಾಗಿ ತಣಿಯುವಾಗ ತಾಮ್ರದ ಆಕ್ಸೈಡ್ ಹರಳಿನಿಂದ ಬೇರೆಯಾಗಿಬಿಡುತ್ತಿತ್ತು; ಬಿಸಿಯಿದ್ದಾಗಲೇ ಥಟ್ಟನೆ ತಣಿಸಬೇಕಿತ್ತು. ಹೊರಗಡೆ ಸ್ಕ್ಯಾನ್ ಮಾಡಿಸಲು ಸ್ಯಾಂಪಲ್‌ಗೆ ಸುಮಾರು 600 ರೂಪಾಯಿ, ಎಲ್ಲವೂ ನನ್ನ ಜೇಬಿನಿಂದ. ನಾಲ್ಕನೇ ಸಲ ಮಧ್ಯರಾತ್ರಿ ಕರೆಂಟ್ ಹೋಯಿತು. ಐದನೇ ಸಲ ಬಿಸಿ ಕ್ರೂಸಿಬಲ್ಲನ್ನೇ (ಪುಡಿ ಕಾಯಿಸುವ ಅಲುಮಿನಾ ಬಟ್ಟಲು) ಹೊರಗೆಳೆದೆ, ಅದು ಎರಡು ಹೋಳಾಯಿತು. ಸಾವಿರ ರೂಪಾಯಿ ಹತ್ತಿರ ಹೋಯಿತು.

ಆರನೆಯದು ಕೆಟ್ಟಿದ್ದು ಮ್ಯಾಗ್ನೀಷಿಯಂ ಆಕ್ಸೈಡಿನಿಂದ. ಹಳೇ ಬಾಟಲಿ, ತೇವ ಎಳೆದುಕೊಂಡಿತ್ತು. 5 ಗ್ರಾಂ ಬ್ಯಾಚಿಗೆ ಬೇಕಾದದ್ದೇ 0.57 ಗ್ರಾಂ, ಆಮೇಲೆ ಕಾಯಿಸಿ ತೂಗಿದರೆ ನೂರಕ್ಕೆ ಹತ್ತರಷ್ಟು ಕಮ್ಮಿ! ಈಗ 900ರಲ್ಲಿ ಕಾಯಿಸಿ, ಡೆಸಿಕೇಟರಿನಿಂದ (ತೇವ ತಾಗದಂತೆ ಇಡುವ ಪಾತ್ರೆ) ತೆಗೆದ ತಕ್ಷಣ ತೂಗುತ್ತೇನೆ.

ಏಳನೇ ಸಲ ಒಡೆದ ಕ್ರೂಸಿಬಲ್ಲಿನ ಚೂರಿನ ಮೇಲೆ, ಅಂಟದ ಹಾಗೆ, ಐದು ಆಕ್ಸೈಡಿನ ಮಿಶ್ರಣದ ಪುಡಿ ಹರಡಿ, ಅದೇ ಪುಡಿಯನ್ನು ಒತ್ತಿ ಮಾಡಿದ ಬಿಲ್ಲೆ ಇಟ್ಟೆ. 1000 ಡಿಗ್ರಿ ಇರುವಾಗಲೇ ಉದ್ದ ಇಕ್ಕಳದಿಂದ ಚೂರಿನ ಸಮೇತ ತೆಗೆದು, ದಪ್ಪ ತಾಮ್ರದ ತಟ್ಟೆಯ ಮೇಲೆ ಬಿಲ್ಲೆಯನ್ನು ಕೆಡವಿದೆ. ಕೆಂಡದಂತಿದ್ದದ್ದು ನೋಡನೋಡುತ್ತಲೇ ಕಪ್ಪಾಯಿತು, ಟಿಕ್ ಟಿಕ್ ಅಂತ ಸದ್ದು. ಎಕ್ಸ್‌ಆರ್‌ಡಿಯಲ್ಲಿ ಮುಖ್ಯವಾಗಿ 36.7, 42.7, 61.9: ರಾಕ್‌ಸಾಲ್ಟ್ ಹರಳಿನ ಪೀಕ್‌ಗಳು. ಬೇರೆಯಾದ ಕಾಪರ್ ಆಕ್ಸೈಡಿನ ಸುಳಿವೇ ಇಲ್ಲ. ಆ ಗ್ರಾಫನ್ನು ಸಹೋದ್ಯೋಗಿಯ ಮೇಜಿನ ಮೇಲೆ ಇಟ್ಟು ಬಂದೆ. ಬಿಲ್ಲೆ ಸೀಳದ ಹಾಗೆ ಒತ್ತೋದಕ್ಕೆ ಒಂದು ಉಪಾಯ ಇದೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ಲಿಥಿಯಂ ಕಾರ್ಬೊನೇಟ್ ಸೇರಿಸಿಯೂ ನೋಡಿದೆ. ಲಿಥಿಯಂ ಸೇರಿದರೆ ಅಯಾನುಗಳು ಸಲೀಸಾಗಿ ಓಡಾಡುತ್ತವೆ ಅಂತ ಆಸೆ. ಆ ಬಿಲ್ಲೆ ಅಲುಮಿನಾ ಚೂರಿಗೆ ಅಂಟಿಕೊಂಡು ಬರಲೇ ಇಲ್ಲ. ಬಿಲ್ಲೆಯ ಕೆಳಗೆ ಪುಡಿ ಇನ್ನೂ ಜಾಸ್ತಿ ಹಾಕಬೇಕು.

ಇನ್ನೊಂದು ಪರೀಕ್ಷೆ ಮಾಡದೆ ನಿದ್ದೆ ಬರುತ್ತಿರಲಿಲ್ಲ. ಗೆದ್ದ ಬಿಲ್ಲೆಯನ್ನೇ 750ರಲ್ಲಿ ಎರಡು ಗಂಟೆ ಇಟ್ಟೆ, ಕಾಪರ್ ಆಕ್ಸೈಡ್ ಪೀಕ್ ಮತ್ತೆ ಎದ್ದಿತು. 1000ಕ್ಕೆ ಏರಿಸಿ ತಟ್ಟೆಗೆ ಕೆಡವಿದೆ, ಮಾಯ.