ರೈಲಿನಿಂದ 12 ಮೀಟರ್: ಕುದುರೆ ರೇಸಿನ ಟ್ರ್ಯಾಕಿನ ನೀರಿನ ಲೆಕ್ಕ ಬೋರ್ಡಿಗೆ ಹಾಕಿದ ನನ್ನ ಅನುಭವ

ಕಳೆದ ಮಳೆಗಾಲದ ಸೀಸನ್ ಮುಗಿದ ಮಾರನೇ ದಿನ ನೋಟ್‌ಬುಕ್ ಹಿಡಿದು ಕೂತು ಒಟ್ಟು ಲೆಕ್ಕ ಹಾಕಿದೆ. ಸುಮಾರು 180 ರೇಸು. ಗೆದ್ದ ಕುದುರೆ ಕೊನೆಯ 400 ಮೀಟರಿನಲ್ಲಿ ರೈಲಿನಿಂದ, ಅಂದರೆ ಟ್ರ್ಯಾಕಿನ ಒಳ ಅಂಚಿನ ಬೇಲಿಯಿಂದ, ಎಷ್ಟು ದೂರ ಇತ್ತು ಅಂತ ಪ್ರತಿ ರೇಸಿನ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿ ಬರೆದದ್ದು. ಒಳಗಿನ 4 ಮೀಟರಿನಲ್ಲಿ ಗೆದ್ದವು 50ರ ಆಸುಪಾಸು, ನಡುವಿನ 4 ಮೀಟರಿನಲ್ಲಿ 60 ಚಿಲ್ಲರೆ, ಉಳಿದವು ಅದಕ್ಕಿಂತ ಹೊರಗೆ. ಮೂರು ವರ್ಷದ ಹಿಂದೆ ಇದೇ ಲೆಕ್ಕದಲ್ಲಿ ಒಳಗೆ ಗೆದ್ದವು 20 ಕೂಡ ದಾಟಿರಲಿಲ್ಲ. ಈ ಫರಕು ತಂದವನು ನಾನು, ನನ್ನ ಜತೆ ಇಬ್ಬರು ಟ್ರ್ಯಾಕ್ಟರ್ ಡ್ರೈವರುಗಳು, ಬುಟ್ಟಿ ಹಿಡಿದು ಡಿವಟ್ (ಗೊರಸಿಗೆ ಹುಲ್ಲು ಕಿತ್ತುಹೋದ ಗುಳಿ) ಮುಚ್ಚುವ ಹದಿನಾಲ್ಕು ಹೆಣ್ಣಾಳುಗಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ನಾನು ಟ್ರ್ಯಾಕ್ ನೋಡಿಕೊಳ್ಳುವ ಕ್ಲಬ್ಬಿನ ಹೆಸರು ಬರೆಯುವುದಿಲ್ಲ. ದಕ್ಷಿಣದ್ದು, ಗರಿಕೆ ಹುಲ್ಲಿನ ಟ್ರ್ಯಾಕು ಅಂದರೆ ಸಾಕು. ಪೆನೆಟ್ರೋಮೀಟರ್ (ನೆಲಕ್ಕೆ ಚುಚ್ಚಿ ಹದ ಅಳೆಯುವ ಸಾಧನ, ಅಂಕ ಹೆಚ್ಚಿದಷ್ಟೂ ನೆಲ ಮೆತ್ತಗೆ) ಹಿಡಿಯುವುದು, ಫಾಲ್ಸ್ ರೈಲ್ (ಒಳಗಿನ ಹುಲ್ಲು ಉಳಿಸಲು ಹೊರಗೆ ಸರಿಸಿ ಹಾಕುವ ತಾತ್ಕಾಲಿಕ ಬೇಲಿ) ನೆಡುವುದು ಈ ಕೆಲಸದವರಿಗೆಲ್ಲ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ನಮ್ಮ ಟ್ರ್ಯಾಕಿನಲ್ಲಿ ಹೊರಗೆ ಬಂದರೆ ಗೆಲುವು ಅನ್ನುವುದು ಜಾಕಿಗಳಿಗೆ ನನಗಿಂತ ಮೊದಲೇ ಗೊತ್ತಿತ್ತು. ಸ್ಟ್ರೈಟಿಗೆ, ಅಂದರೆ ಕೊನೆಯ ನೇರ ಓಟಕ್ಕೆ ತಿರುಗಿದ ಕೂಡಲೇ ಎಲ್ಲರೂ ರೈಲು ಬಿಟ್ಟು ಹೊರಗೆ ಹಾಯುತ್ತಿದ್ದರು. ಒಳಗಿನ ಡ್ರಾ (ರೈಲಿನ ಪಕ್ಕದಿಂದ ಹೊರಡುವ ಜಾಗ) ಸಿಕ್ಕಿದ, ಹೆಚ್ಚು ಜನ ದುಡ್ಡು ಕಟ್ಟಿದ ಫೇವರಿಟ್ ಕುದುರೆ ಹೊರಗೆ ಬರಲು ದಾರಿ ಸಿಗದೆ ನಾಲ್ಕನೆಯದಾಗಿ ಬಂದರೆ ಸ್ಟ್ಯಾಂಡಿನಲ್ಲಿ ಗಲಾಟೆ. ಬೈಗುಳ ಜಾಕಿಗೆ, ಆಮೇಲೆ ಟ್ರೇನರಿಗೆ, ಕೊನೆಗೆ ಇಡೀ ಆಟಕ್ಕೆ. ಅಸಲು ಕಾರಣ ನನ್ನ ನೆಲದಲ್ಲಿತ್ತು. ಅದು ನನ್ನ ಕಣ್ಣಿಗೆ ಬೀಳದೇ ಇದ್ದದ್ದಕ್ಕೆ ಕಾರಣ ಸರಾಸರಿ. ಸುತ್ತಲೂ ಇಪ್ಪತ್ತು ಕಡೆ ಚುಚ್ಚಿ, ಕೂಡಿಸಿ ಭಾಗಿಸಿ 3.1 ಅಂತ ಕೊಡುತ್ತಿದ್ದೆ. ಒಂದು ಸೋಮವಾರ ಬೇಸರಕ್ಕೆ ರೈಲಿನಿಂದ 2, 5, 8, 12 ಮೀಟರಿನಲ್ಲಿ ಬೇರೆ ಬೇರೆ ಚುಚ್ಚಿ ನೋಡಿದೆ. ಸ್ಟ್ರೈಟಿನಲ್ಲಿ 2 ಮೀಟರಿಗೆ 3.6, 12 ಮೀಟರಿಗೆ 2.7. ಒಂದೇ ಟ್ರ್ಯಾಕಿನಲ್ಲಿ ಎರಡು ಟ್ರ್ಯಾಕು!

ಮೊದಲ ತಪ್ಪು ಅವಸರದ್ದು. ಒಳಗೆ ಮೆತ್ತಗಿದೆ ಅಂತ ಒಳಬದಿಯ ಸ್ಪ್ರಿಂಕ್ಲರ್ ಒಂದು ವಾರ ಬಂದ್ ಮಾಡಿಸಿದೆ. ಹುಲ್ಲು ಹಳದಿಯಾಯಿತು, ಬೇರು ಹಿಡಿತ ಬಿಟ್ಟಿತು, ಶನಿವಾರ ಅಂಗೈ ಅಗಲದ ಹೆಂಟೆಗಳು ಹಾರಿದವು. ಎರಡನೆಯದು ಇನ್ನೂ ದುಬಾರಿ. ಒಳಗಿನ 4 ಮೀಟರಿಗೆ ಭಾರದ ರೋಲರ್ ಎರಡು ಸಲ ಹೊಡೆಸಿದೆ. ರೀಡಿಂಗ್ 3.0ಕ್ಕೆ ಬಂತು, ಖುಷಿಯಾಯಿತು. ರೇಸಿನ ಹಿಂದಿನ ರಾತ್ರಿ ಜಡಿಮಳೆ. ಮಾಮೂಲಿ ಮಳೆಗೆ ಎರಡು ತಾಸಿನಲ್ಲಿ ಇಂಗುತ್ತಿದ್ದ ನೀರು ಮಧ್ಯಾಹ್ನದವರೆಗೂ ರೈಲಿನ ಪಕ್ಕ ನಿಂತೇ ಇತ್ತು. 2 ರೇಸು ರದ್ದು. ನನ್ನ ಕೈಗೆ ಮೆಮೊ ಬಂತು. ಒತ್ತಿಹೋದ ನೆಲ ಬಿಡಿಸಲು ಒಂದು ಗಾಲ್ಫ್ ಮೈದಾನದಿಂದ ತೂತು ಹೊಡೆಯುವ ಯಂತ್ರ ಬಾಡಿಗೆಗೆ ತಂದೆವು, ದಿನಕ್ಕೆ 18 ಸಾವಿರದ ಹಾಗೆ ಮೂರು ದಿನ. ಮರಳಿನ ಖರ್ಚು ಬೇರೆ. ಎಲ್ಲ ಸೇರಿ ಒಂದೂವರೆ ಲಕ್ಷ ದಾಟಿತು.

ಕಾರಣ ಸಿಕ್ಕಿದ್ದು ಮೊಸರಿನ ಕಪ್ಪಿನಲ್ಲಿ. ನೀರು ಎಲ್ಲಿ ಎಷ್ಟು ಬೀಳುತ್ತದೆ ಅಂತ ನೋಡಲು ಮೊದಲು ಟೀ ಕುಡಿಯುವ ಪೇಪರ್ ಲೋಟ ಇಟ್ಟಿದ್ದೆ, ಗಾಳಿಗೆ ಹಾರಿಹೋದವು. ಆಮೇಲೆ ಹೋಟೆಲಿನಿಂದ ಪ್ಲಾಸ್ಟಿಕ್ಕಿನ ಮೊಸರು ಕಪ್ಪು 60 ತಂದು, ತಳಕ್ಕೆ ಒಂದೇ ಅಳತೆಯ ಎರಡೆರಡು ಜಲ್ಲಿಕಲ್ಲು ಹಾಕಿ, ರೈಲಿನಿಂದ ಮೀಟರಿಗೊಂದರಂತೆ ಸಾಲಾಗಿ ಇಟ್ಟು ಅರ್ಧ ಗಂಟೆ ಸ್ಪ್ರಿಂಕ್ಲರ್ ಬಿಟ್ಟೆ. ಸ್ಟ್ರೈಟಿನಲ್ಲಿ ಒಳಗಿನ ಕಪ್ಪುಗಳು ಮುಕ್ಕಾಲು ತುಂಬಿದ್ದವು, 10 ಮೀಟರಿನಾಚೆ ಜಲ್ಲಿ ಮಾತ್ರ ಒದ್ದೆ. ಎದುರುಬದಿಯ ಬ್ಯಾಕ್ ಸ್ಟ್ರೈಟಿನಲ್ಲಿ ಸರಿಯಾಗಿ ಉಲ್ಟಾ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಹಗಲೆಲ್ಲ ಪಡುವಣ ಗಾಳಿ ಬಿಡುವುದೇ ಇಲ್ಲ. ಅದು ಸ್ಟ್ರೈಟಿನಲ್ಲಿ ನೀರನ್ನು ರೈಲಿಗೇ ವಾಪಸ್ ತಳ್ಳುತ್ತಿತ್ತು, ಎದುರುಬದಿಯಲ್ಲಿ ರೈಲಿನಿಂದ ಹೊರಗೆ ಒಯ್ಯುತ್ತಿತ್ತು. ಇದರ ಮೇಲೆ ಟ್ಯಾಂಕರ್. ಸ್ಪ್ರಿಂಕ್ಲರ್ ತಲುಪದ ಜಾಗಕ್ಕೆ ಅಂತ ಡ್ರೈವರ್ ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಹೋಗಿ ಬಂದು 9-10 ಮೀಟರಿನ ನೆಲವನ್ನು ಚಕ್ರದಿಂದಲೇ ರಸ್ತೆ ಮಾಡಿಟ್ಟಿದ್ದ. ಜಾಕಿಗಳು ಹುಡುಕಿಕೊಂಡು ಹೋಗುತ್ತಿದ್ದದ್ದು ಆ ರಸ್ತೆಯನ್ನೇ.

ಆಮೇಲಿನ ಕೆಲಸ ನಿಧಾನದ್ದು. ಸ್ಪ್ರಿಂಕ್ಲರನ್ನು ಗಾಳಿ ಬಿದ್ದ ಮೇಲೆ, ಬೆಳಗಿನ ಜಾವ 3ಕ್ಕೆ ತಿರುಗಿಸುವುದು. ಟ್ಯಾಂಕರ್ ಪ್ರತಿ ಲೋಡಿಗೂ ಒಂದು ಮೀಟರ್ ಜರುಗಬೇಕು, ಅದಕ್ಕೆ ಬಣ್ಣದ ಬಾವುಟದ ಗೂಟ. ಗಟ್ಟಿ ಗೆರೆಗೆ ಮಾತ್ರ ತೂತು, ಒಳಗೆ ರೋಲರ್ ಇಲ್ಲವೇ ಇಲ್ಲ. ನೀರು ಎಷ್ಟು ಬೇಕೆಂಬುದು ಹಲವರಿಗೆ ಅಂದಾಜಿಗೆ ಸಿಗುವುದಿಲ್ಲ. 1800 ಮೀಟರಿನ ಸುತ್ತು, 20 ಮೀಟರ್ ಅಗಲ ಅಂದರೆ 36 ಸಾವಿರ ಚದರ ಮೀಟರ್. ಒಂದೇ ಒಂದು ಮಿಲಿಮೀಟರ್ ನೀರಿಗೆ 36 ಸಾವಿರ ಲೀಟರ್ ಬೇಕು, 5 ಸಾವಿರ ಲೀಟರಿನ ಟ್ಯಾಂಕರಿನಲ್ಲಿ 7 ಲೋಡಿಗೂ ಮೇಲೆ. ಟ್ಯಾಂಕರಿನಿಂದಲೇ ಟ್ರ್ಯಾಕ್ ಹದ ಮಾಡುತ್ತೇನೆ ಅನ್ನುವವರು ಈ ಲೆಕ್ಕ ಒಮ್ಮೆ ಹಾಕಿ ನೋಡಬೇಕು. ಡಿವಟ್‌ಗೆ ತುಂಬುವ ಮಣ್ಣಿನ ಪಾಕ ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಎರಡು ಸೀಸನ್ ಸುಟ್ಟಿದ್ದೇನೆ.

ನೆಲ ಸರಿಮಾಡಿದ್ದು ಅರ್ಧ ಕೆಲಸ. ಇನ್ನರ್ಧ ಶುರುವಾದದ್ದು ಒಂದು ಫೋನಿನಿಂದ. ಶುಕ್ರವಾರ ರಾತ್ರಿ ಟ್ಯಾಂಕರ್ ಡ್ರೈವರ್ ಜತೆ ಶೆಡ್ಡಿನಲ್ಲಿ ಕೂತಿದ್ದೆ, ಅವನ ಫೋನ್ ಸ್ಪೀಕರಿನಲ್ಲಿತ್ತು, ಆ ಕಡೆ ಬೆಟ್ಟಿಂಗಿನವನೊಬ್ಬ. ‘ಅಣ್ಣಾ, ಇವತ್ತು ಎಷ್ಟು ಲೋಡು? ಒಳಗಾ, ಹೊರಗಾ?’ ಅವನು ನನ್ನ ಮುಖ ನೋಡಿ ತಲೆ ತಗ್ಗಿಸಿದ. ಒಂದು ಉತ್ತರಕ್ಕೆ 500 ರೂಪಾಯಿ ಅಂತೆ. ಅವನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ನಾವು ಬಚ್ಚಿಟ್ಟಿದ್ದಕ್ಕೇ ಅದಕ್ಕೆ ಬೆಲೆ ಬಂದಿತ್ತು. ಕೌಂಟರಿನಲ್ಲಿ ಸಾಲು ನಿಂತು ನೂರು ರೂಪಾಯಿ ಕಟ್ಟುವವನಿಗೆ ಗೊತ್ತಿಲ್ಲದ್ದು, ಫೋನ್ ನಂಬರ್ ಇಟ್ಟುಕೊಂಡವನಿಗೆ ಗೊತ್ತು. ಅದು ನನಗೆ ರಾತ್ರಿಯೆಲ್ಲ ಕೊರೆಯಿತು.

ಬೆಂಗಳೂರು, ಮೈಸೂರಿನ ರೇಸುಗಳಲ್ಲಿ ಫಾಲ್ಸ್ ರೈಲ್ ಎಷ್ಟು ಅಗಲ, ಎಲ್ಲಿಂದ ಎಲ್ಲಿಗೆ ಅನ್ನುವುದು ಪತ್ರಿಕೆಯಲ್ಲೇ ಬರುತ್ತದೆ. ಹಾಂಗ್‌ಕಾಂಗಿನ ಹ್ಯಾಪಿ ವ್ಯಾಲಿ ರೇಸ್‌ಕೋರ್ಸಿನಲ್ಲಿ ರೈಲಿನ ಜಾಗಕ್ಕೆ ಎ, ಬಿ, ಸಿ ಅಂತ ಹೆಸರೇ ಇದೆ. ಆಸ್ಟ್ರೇಲಿಯಾದವರು ನೆಲದ ಹದಕ್ಕೆ 1ರಿಂದ 10ರ ಅಂಕದ ಜತೆ ರೈಲು, ಮಳೆ, ಹಾಕಿದ ನೀರು ಎಲ್ಲವನ್ನೂ ಕೊಡುತ್ತಾರೆ. ಬ್ರಿಟನ್ನಿನಲ್ಲಿ ಎಷ್ಟೋ ಕಡೆ ಗೋಯಿಂಗ್‌ಸ್ಟಿಕ್ ಅನ್ನುವ, ನೆಲದ ಹದ ಅಳೆಯುವ ಕೋಲಿನ ಅಂಕವನ್ನು ಸ್ಟ್ಯಾಂಡ್ ಬದಿ, ನಡು, ಎದುರುಬದಿ ಅಂತ ಬಿಡಿಸಿ ಹೇಳುತ್ತಾರೆ. ಕ್ಲಬ್ಬಿನವರನ್ನು ನಾನು ಕೇಳಿದ್ದು ಇಷ್ಟೇ: ನಮ್ಮ ನಾಲ್ಕು ಅಂಕ, ನೀರು ಎಷ್ಟು, ಯಾವಾಗ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕೋಣ.

‘ನಮ್ಮ ಟ್ರ್ಯಾಕ್ ಸರಿ ಇಲ್ಲ ಅಂತ ನೀನೇ ಬರೆದು ಹಾಕ್ತೀಯೇನಪ್ಪ?’ ಅಂದರು ಮೇಲಿನವರು. ಬೆಟ್ಟಿಂಗಿನವರಿಗೆ ಅನುಕೂಲ ಆಗುತ್ತೆ ಅಂದರು. ಅನುಕೂಲ ಈಗಾಗಲೇ ಆಗ್ತಿದೆ ಸಾರ್, ನಾಲ್ಕು ಜನಕ್ಕೆ ಮಾತ್ರ ಅಂದೆ. ಒಪ್ಪಲಿಲ್ಲ. ಹಾಗಾಗಿ ಬೆಳಗಿನ ವರ್ಕ್‌ಔಟ್ ಗೇಟಿನ ಹತ್ತಿರ ನನ್ನ ದುಡ್ಡಿನಲ್ಲೇ 900 ರೂಪಾಯಿಯ ಕಪ್ಪು ಹಲಗೆ ತೂಗುಹಾಕಿ, ಟ್ರೇನರುಗಳಿಗೆ ಅಂತ ಸೀಮೆಸುಣ್ಣದಲ್ಲಿ ಬರೆಯಲು ಶುರುಮಾಡಿದೆ. ಮೂರನೇ ವಾರ ಒಬ್ಬ ಹಿರಿಯ ಟ್ರೇನರ್ ಹಲಗೆ ಮುಂದೆ ಬಹಳ ಹೊತ್ತು ನಿಂತು, ‘ಮೂವತ್ತು ವರ್ಷದಲ್ಲಿ ನೀರಿನ ಲೆಕ್ಕ ಯಾರೂ ಕೊಟ್ಟಿರಲಿಲ್ಲ ಕಣಯ್ಯಾ’ ಅಂದು ಹೋದರು. ಕಮಿಟಿಯ ಮುಂದೆ ನನ್ನ ಪರ ಮಾತಾಡಿದವರು ಅವರೇ. ಮುಂದಿನ ಸೀಸನ್ನಿಗೆ ಹಲಗೆ ಪಬ್ಲಿಕ್ ಸ್ಟ್ಯಾಂಡಿಗೆ ಬಂತು.

ಅಲ್ಲೂ ಪೆಟ್ಟು ತಿಂದೆ. ಬೆಳಿಗ್ಗೆ 6ಕ್ಕೆ 3.0 ಅಂತ ಬರೆದಿದ್ದೆ, 1 ಗಂಟೆಗೆ ಮಳೆ ಹೊಡೆಯಿತು, ಹಲಗೆ ಹಾಗೇ ಇತ್ತು. ನನ್ನನ್ನು ಸುತ್ತುವರಿದು ಕೂಗಾಡಿದರು, ಅವರ ಸಿಟ್ಟಿನಲ್ಲಿ ನ್ಯಾಯ ಇತ್ತು. ಅಂದಿನಿಂದ ಮೊದಲ ರೇಸಿಗೆ ಮುಂಚೆ ಇನ್ನೊಮ್ಮೆ, ಪ್ರತಿ ಮಳೆಯ ನಂತರ ಮತ್ತೊಮ್ಮೆ, ಪಕ್ಕದಲ್ಲಿ ಗಂಟೆ ಸಮೇತ. ಮತ್ತೊಂದು ದಿನ 9 ಲೋಡನ್ನು 6 ಅಂತ ಬರೆದುಬಿಟ್ಟೆ. ತಪ್ಪನ್ನು ಒರೆಸದೆ ಕೆಂಪು ಗೆರೆ ಹೊಡೆದು ಪಕ್ಕದಲ್ಲಿ ಸರಿ ಬರೆದೆ. ಜನ ಹಲಗೆ ನಂಬಲು ಶುರುಮಾಡಿದ್ದು ಆ ಕೆಂಪು ಗೆರೆಯ ನಂತರವೇ ಅಂತ ನನ್ನ ಭಾವನೆ.

ಈ ನಡುವೆ ಗೊರಸಿನ ಹುಚ್ಚೊಂದು ಹಿಡಿದಿತ್ತು. ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಗೊರಸಿನ ಗುರುತಿಗೆ ಹುಯ್ದು ಅಚ್ಚು ತೆಗೆಯುತ್ತಿದ್ದೆ, ಮನೆಯ ಅಟ್ಟದ ಮೇಲೆ ಇಂದಿಗೂ ಮೂವತ್ತಕ್ಕೂ ಹೆಚ್ಚು ಇವೆ. ಒಂದೇ 3.0 ರೀಡಿಂಗಿನ ಎರಡು ಜಾಗದ ಅಚ್ಚು ಒಂದೇ ಥರ ಇರಲಿಲ್ಲ. ಒಂದು ನೇರ ಇಳಿದಿತ್ತು, ಇನ್ನೊಂದು ಮುಂದಕ್ಕೆ ಜಾರಿ ಬಾಯಿ ಹರಿದಿತ್ತು. ಅಗೆದು ನೋಡಿದರೆ ಜಾರಿದ ಕಡೆ ಬೇರು ಎರಡು ಬೆರಳಷ್ಟೂ ಇಳಿದಿರಲಿಲ್ಲ. ಪೆನೆಟ್ರೋಮೀಟರ್ ಇದನ್ನು ಹೇಳುವುದಿಲ್ಲ. ಗೋಯಿಂಗ್‌ಸ್ಟಿಕ್ ಚುಚ್ಚುವ ಬಲದ ಜತೆ ಎಳೆತವನ್ನೂ ಅಳೆಯುತ್ತದೆ, ಆದರೆ ಅದನ್ನು ತರಿಸುವ ಶಕ್ತಿ ನಮಗಿರಲಿಲ್ಲ. ಸಾಮಾನು ತೂಗುವ ಸ್ಪ್ರಿಂಗ್ ತಕ್ಕಡಿಗೆ ಒಂದು ಕೊಕ್ಕೆ ಕಟ್ಟಿ ನೆಲದಲ್ಲಿ ಸಿಕ್ಕಿಸಿ ಎಳೆದು ನೋಡುತ್ತೇನೆ. ಕೊಕ್ಕೆಯ ಆಕಾರ ನನ್ನ ಹತ್ತಿರವೇ ಇರಲಿ. ಡಿವಟ್ ಎಲ್ಲಿ ಹಾರುತ್ತದೆ ಅಂತ ಅದು ಹತ್ತಕ್ಕೆ ಏಳು ಸಲ ಮುಂಚೆಯೇ ಹೇಳಿದೆ.

ಡ್ರೈವರಿಗೆ ಶುಕ್ರವಾರದ ಫೋನ್ ಬರುವುದು ನಿಂತು ಒಂದೂವರೆ ವರ್ಷವಾಯಿತು. ಅವನ ಸಂಬಳ ತಿಂಗಳಿಗೆ 2 ಸಾವಿರ ಹೆಚ್ಚಿಸಲು ನಾನು ಬರೆದುಕೊಟ್ಟೆ, ಆಯಿತು. ಕೊನೆಯ ಬೆಂಡಿನ (ತಿರುವಿನ) ಒಳಬದಿ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಇಳಿಜಾರಿನ ನೀರೆಲ್ಲ ಅಲ್ಲಿಗೇ ಬಂದು ಕೂರುತ್ತದೆ, ಕೆಳಗೆ ಪೈಪ್ ಹಾಕಲು ಎಂಟು-ಒಂಬತ್ತು ಲಕ್ಷ ಬೇಕು, ಕಡತ ಕಮಿಟಿಯ ಮುಂದಿದೆ. ಅಲ್ಲಿಯವರೆಗೆ ಹಲಗೆಯ ಕೊನೆ ಸಾಲಿನಲ್ಲಿ ಪ್ರತಿ ರೇಸಿನ ದಿನವೂ ಒಂದೇ ಮಾತು ಬರೆಯುತ್ತಿದ್ದೇನೆ: ಬೆಂಡಿನ ಒಳಗೆ 3.4, ಇನ್ನೂ ಮೆತ್ತಗಿದೆ.